ನನ್ನ ಪಾಲಿಗೆ ಬಂದ ಒಂದು ಸ್ವರ

ಜನವರಿ 27, ಸೋಮವಾರ

ಈ ನೋಟುಪುಸ್ತಕ ತಂದುಕೊಟ್ಟವಳು ಪಕ್ಕದ ಮನೆಯ ನಾದಿನಿ ಓಕ್ತಾ. "ಅತ್ತಿಗೆ, ಇನ್ನು ಮೂರು ವಾರ ಬಾಯಿ ಬಿಡೋ ಹಾಗಿಲ್ಲ ಅಂದಿದಾರೆ ಡಾಕ್ಟ್ರು. ಏನ್ ಬೇಕೋ ಇದ್ರಲ್ಲಿ ಬರ್ದು ತೋರ್ಸು" ಎಂದಳು. ಮೊದಲ ಪುಟದಲ್ಲೇ "ನೀನು ಸ್ವಲ್ಪ ಸುಮ್ಮನಿರು" ಎಂದು ಬರೆದು ತೋರಿಸಿದೆ. ಓದಿ ನಕ್ಕು, ಮತ್ತೆ ಮುಕ್ಕಾಲು ಗಂಟೆ ಮಾತಾಡಿ ಹೋದಳು. ಆ ಪುಟ ಹರಿದು ಹಾಕಿದ್ದೇನೆ. ಅವಳಿಗೆ ತೋರಿಸಲು ಬೇರೆ ಚೀಟಿಗಳಿವೆ, ಇದು ನನಗೇ ಇರಲಿ. ಐವತ್ತೆಂಟು ವರ್ಷ ಬಾಯಲ್ಲಿ ಆಡಿದ್ದನ್ನು ಇನ್ನು ಕೈಯಲ್ಲಿ ಆಡಬೇಕು.

ಕುತ್ತಿಗೆಯ ಗಂಟು ತೆಗೆದು ಇಂದಿಗೆ ಐದು ದಿನ. ಹೊಲಿಗೆ ತುರಿಸುತ್ತಿದೆ. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ನಮ್ಮ ದ್ವೀಪದ ಮನೆಮನೆಯಲ್ಲೂ ಇರುವ ಹಾಗೆ ಮಲಗುವ ಕೋಣೆಯಲ್ಲಿ ಬಿಳಿ ಬಟ್ಟೆಯ ಮೇಲಿಟ್ಟ ಹರಕೆಯ ತಟ್ಟೆಗೆ ನಾಣ್ಯ ಹಾಕಿ ಮಂಡಿಯೂರಿದ್ದೆ. ಕರ್ತನೇ, ಗಂಟು ಹೋಗಲಿ, ಧ್ವನಿ ಉಳಿಯಲಿ. ಉಳಿಸಿಕೊಟ್ಟರೆ ಈಸ್ಟರ್ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಒಬ್ಬಳೇ ನಿಂತು ನಿನಗಾಗಿ ಹಾಡುತ್ತೇನೆ, ಹಿಂದೆ ಮೂವತ್ತೊಂದು ವರ್ಷ ಹಾಡಿದ್ದಕ್ಕಿಂತ ಚೆನ್ನಾಗಿ ಹಾಡುತ್ತೇನೆ ಎಂದೆ.

ಹಾಡು ಬಿಟ್ಟರೆ ಅವನಿಗೆ ಕೊಡಲು ನನ್ನ ಹತ್ತಿರ ಬೇರೇನಿದೆ? ಅಡುಗೆ ಸಾಧಾರಣ, ನಾಲಿಗೆ ಕೆಟ್ಟದ್ದು. ಕರ್ತನು ನನ್ನನ್ನು ಇಷ್ಟು ದಿನ ಸಹಿಸಿಕೊಂಡಿರುವುದೇ ಈ ಗಂಟಲಿಗಾಗಿ. ಅದು ಹೋದರೆ ನಾನು ಅವನಿಗೂ ಬೇಡ, ಊರಿಗೂ ಬೇಡ.

ಫೆಬ್ರವರಿ 5, ಬುಧವಾರ

ಕದ್ದು ಪರೀಕ್ಷೆ ಮಾಡಿದೆ. ಅಡುಗೆಮನೆಯ ಹಿಂದೆ, ಹಂದಿಗೂಡಿನ ಹತ್ತಿರ, ಒಂದೇ ಒಂದು "ಆ". ಬರೀ ಗಾಳಿ ಬಂತು. ಹಂದಿ ತಲೆ ಕೂಡ ಎತ್ತಲಿಲ್ಲ.

ಮಧ್ಯಾಹ್ನ ಓಕ್ತಾ ಸಾಗೋ ಮರದ ಹಿಟ್ಟಿನ ಅಂಟುಗಂಜಿ, ಅರಿಸಿನದ ಮೀನುಸಾರು ತಂದಳು. ನುಂಗಲು ಸುಲಭವಾಗಿತ್ತು. ರುಚಿಯೂ ಇತ್ತು. ಅದನ್ನೇನೂ ಚೀಟಿಯಲ್ಲಿ ಬರೆದು ತೋರಿಸಲಿಲ್ಲ.

ಫೆಬ್ರವರಿ 9, ಭಾನುವಾರ

ಪರೀಕ್ಷೆ: ಗಾಳಿ.

ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಗಾಯಕರ ಸಾಲಿನಲ್ಲಿ ನನ್ನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಒಂದೊಂದು ಹೆಜ್ಜೆ ಸರಿದು ತುಂಬಿಸಿಬಿಟ್ಟಿದ್ದರು. ನಾನಿಲ್ಲದೆ ಹಾಡು ನಿಂತುಹೋಗುತ್ತದೆ ಎಂದು ನಂಬಿದ್ದೆನೇ? ನಂಬಿದ್ದೆ, ಇಲ್ಲಿ ಯಾರಿಗೆ ಸುಳ್ಳು ಹೇಳಲಿ. ಹಾಡು ಚೆನ್ನಾಗಿಯೇ ಹೋಯಿತು. ನನ್ನನ್ನು ಬಿಟ್ಟು ಹೋಯಿತು.

ಈಸ್ಟರಿನ ಒಂಟಿ ಹಾಡನ್ನು ಸದ್ಯಕ್ಕೆ ಓಕ್ತಾಳಿಗೆ ಕೊಟ್ಟಿದ್ದಾರೆ. "ನೀನು ಹುಷಾರಾಗೋವರ್ಗೂ ಅಷ್ಟೇ ಅತ್ತಿಗೆ" ಎಂದಳು, ತಪ್ಪು ಮಾಡಿದವಳ ಮುಖ ಮಾಡಿಕೊಂಡು. ಹೊಟ್ಟೆ ಉರಿಯಿತು. ತಲೆಯಾಡಿಸಿ ಒಳಗೆ ಬಂದು ಕದ ಹಾಕಿಕೊಂಡೆ.

ಫೆಬ್ರವರಿ 18, ಮಂಗಳವಾರ

ಇವತ್ತು ಡಾಕ್ಟರು ಬಾಯಿ ಬಿಡಿಸಿದರು. ಹೊರಬಂದ ಧ್ವನಿ ನನ್ನದಲ್ಲ, ಒದ್ದೆ ಮರ ಕೊಯ್ಯುವ ಗರಗಸದ್ದು. "ಗಂಟು ನರಾನೇ ಸುತ್ಕೊಂಡಿತ್ತಮ್ಮ. ಮಾತಿಗೇನೂ ತೊಂದ್ರೆ ಇಲ್ಲ. ಹಾಡು ಮಾತ್ರ ಮರ್ತುಬಿಡಿ" ಎಂದರು. ಮರೆಯಬೇಕಂತೆ, ಛತ್ರಿ ಮರೆತು ಬಂದ ಹಾಗೆ.

ಮನೆಗೆ ಬಂದವಳು ಸೀದಾ ಕೋಣೆಗೆ ಹೋದೆ. ಹರಕೆಯ ತಟ್ಟೆಯಿಂದ ನಾಣ್ಯ ತೆಗೆದೆ, ಬಿಳಿ ಬಟ್ಟೆಯ ಮೇಲೆ ತಟ್ಟೆಯನ್ನು ಬೋರಲು ಹಾಕಿದೆ. ಬಸ್ಸು ನಿಲ್ಲುವ ಕಡೆ ಹೋಗಿ ಆ ನಾಣ್ಯಕ್ಕೆ ಕೈಯಿಂದಲೂ ಒಂದಿಷ್ಟು ಸೇರಿಸಿ ಮೂರು ಕರಿದ ಬಾಳೆಹಣ್ಣು ತೆಗೆದುಕೊಂಡೆ. ಅಲ್ಲೇ ಬೆಂಚಿನ ಮೇಲೆ ಕುಳಿತು, ಸಮುದ್ರಕ್ಕೆ ಬೆನ್ನು ಹಾಕಿ ಮೂರನ್ನೂ ತಿಂದೆ.

ನನ್ನ ಅಮ್ಮನಾಗಲಿ ಅಜ್ಜಿಯಾಗಲಿ ಈ ಕೆಲಸವನ್ನು ಕನಸಿನಲ್ಲೂ ಮಾಡಿದವರಲ್ಲ. ಈ ದ್ವೀಪದಲ್ಲಿ ಕಳ್ಳರು ಕೂಡ ಹರಕೆಯ ತಟ್ಟೆ ಮುಟ್ಟುವುದಿಲ್ಲ.

ಫೆಬ್ರವರಿ 20, ಗುರುವಾರ

ಹಲ್ಲುನೋವು. ಎಡಗಡೆ, ಕೊನೆಯದು. ಬಾಳೆಹಣ್ಣನ್ನು ಆ ಕಡೆಯಿಂದಲೇ ಅಗಿದಿದ್ದೆ.

ಫೆಬ್ರವರಿ 21, ಶುಕ್ರವಾರ

ಕೆನ್ನೆ ಊದಿದೆ. ಮಾಡಿದ್ದುಣ್ಣೋ ಮಹರಾಯ.

ಫೆಬ್ರವರಿ 22, ಶನಿವಾರ

ತಡೆಯಲಾಗದೆ ಪಾದ್ರಿಯಮ್ಮನ ಮನೆಗೆ ಹೋದೆ. ರಾಹೆಲ್ ಎಂದು ಹೆಸರು. ಮೂವತ್ತು ತುಂಬಿಲ್ಲ, ನಮ್ಮ ಸಭೆಗೆ ಪಾದ್ರಿಯಾಗಿ ಬಂದು ವರ್ಷವೂ ಆಗಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಜಾಯಿಕಾಯಿ ಒಣಹಾಕುತ್ತಿದ್ದಳು. ಗರಗಸದ ಧ್ವನಿಯಲ್ಲಿ ಪಾಪ ಒಪ್ಪಿಕೊಳ್ಳಲು ನಾಚಿಕೆಯಾಗಿ ಚೀಟಿ ಬರೆದುಕೊಂಡು ಹೋಗಿದ್ದೆ: ಹರಕೆಯ ನಾಣ್ಯ ತೆಗೆದು ಕರಿದ ಬಾಳೆಹಣ್ಣು ತಿಂದಿದ್ದೇನೆ. ಮೂರು. ದೇವರು ಹಲ್ಲಿಗೆ ಹೊಡೆದಿದ್ದಾನೆ.

ಎರಡು ಸಲ ಓದಿದಳು. ಭುಜ ಕುಲುಕತೊಡಗಿತು. ಅಯ್ಯೋ, ಪಾದ್ರಿಯೇ ಅಳುವಷ್ಟು ದೊಡ್ಡ ಪಾಪವೇ ಎಂದುಕೊಂಡೆ. ನೋಡಿದರೆ ನಗು ತಡೆದುಕೊಳ್ಳುತ್ತಿದ್ದಾಳೆ.

"ಬಾಳೆಹಣ್ಣು ಚೆನ್ನಾಗಿತ್ತಾ, ಉಸಿ ಲಿನಾ?" ಊರಿಗೆಲ್ಲ ಅಕ್ಕನಾದ ನಾನು ಅವಳಿಗೂ ಉಸಿಯೇ.

"ಚೆನ್ನಾಗಿತ್ತು" ಎಂದೆ. ಪಾದ್ರಿಯ ಮುಂದೆ ಸುಳ್ಳು ಹೇಳಲಾದೀತೇ.

"ಮೆಣಸಿನಕಾಯಿ ಚಟ್ನಿ ಕೊಟ್ಟಿದ್ರಾ?"

"ಕೊಟ್ಟಿದ್ರು. ಖಾರ ಸಾಲ್ದು."

"ಹಲ್ಲಿಗೆ ಹಲ್ಲಿನ ಡಾಕ್ಟ್ರ ಹತ್ರ ಹೋಗಿ, ಉಸಿ. ಇಂಥದ್ದಕ್ಕೆಲ್ಲ ದೇವ್ರು ಹಲ್ಲಿಗೆ ಕೈ ಹಾಕೋ ಹಾಗಿದ್ರೆ ಈ ದ್ವೀಪದಲ್ಲಿ ಎಲ್ರೂ ಬೊಚ್ಚುಬಾಯಿ ಆಗಿರ್ತಿದ್ರು."

ನನಗೆ ಸಿಟ್ಟು ಬಂತು. "ನೀವು ನಗ್ತೀರ. ಮೂವತ್ತೊಂದು ವರ್ಷ ಹಾಡಿದೀನಿ ನಾನು. ಅವನಿಗೆ ಕೊಡೋಕೆ ಇದ್ದಿದ್ದು ಅದೊಂದೇ. ಅದನ್ನೂ ಕಿತ್ಕೊಂಡ. ಇನ್ನು ನನ್ನ ಇಟ್ಕೊಂಡು ಏನ್ ಮಾಡ್ತಾನೆ?" ಎಂದೆ. ಗರಗಸ ನಡುವೆ ಸಿಕ್ಕಿಹಾಕಿಕೊಂಡಿತು.

ಅವಳು ನಗು ನಿಲ್ಲಿಸಿ ಕೈ ಒರೆಸಿಕೊಂಡಳು. "ನಿಮಗೆ ದೀಕ್ಷಾಸ್ನಾನ ಆಗಿದ್ದು ಯಾವಾಗ?"

"ಎರಡು ತಿಂಗಳ ಕೂಸಿದ್ದಾಗ."

"ಅವತ್ತು ಯಾವ ಹಾಡು ಹಾಡಿದ್ರಿ?"

ಯಾವ ಹಾಡು. ಅಮ್ಮ ಸಾಯುವವರೆಗೂ ಹೇಳಿ ನಗುತ್ತಿದ್ದಳು: ತಲೆಗೆ ನೀರು ಬಿದ್ದದ್ದೇ ತಡ, ಚರ್ಚಿನ ಸೂರು ಹಾರುವ ಹಾಗೆ ಕಿರುಚಿ, ಆಗಿನ ಪಾದ್ರಿಗಳ ನಿಲುವಂಗಿ ಒದ್ದೆ ಮಾಡಿದ್ದೆನಂತೆ. ಅದನ್ನೇ ಹೇಳಿದೆ.

"ಅವತ್ತೇ ನೀವು ಅವನ ಮಗಳಾಗಿದ್ದು. ಕಿರುಚ್ತಾ, ಉಚ್ಚೆ ಹುಯ್ಕೊಂಡು. ಆಗ ನಿಮ್ಮ ಹತ್ರ ಯಾವ ಹಾಡಿತ್ತು ಕೊಡೋಕೆ? ಕೃಪೆ ಅಂದ್ರೆ ಇಷ್ಟೇ ಉಸಿ. ಏನೂ ಇಲ್ದೆ ಇದ್ದಾಗ ಎತ್ಕೊಂಡ, ಇನ್ನೂ ಕೆಳಗಿಳ್ಸಿಲ್ಲ."

ಬೇರೆ ನಾಣ್ಯ ಇಡಲೇ ಎಂದು ಕೇಳಿದೆ. "ಸದ್ಯಕ್ಕೆ ಬೇಡ. ಸ್ವಲ್ಪ ದಿನ ತಟ್ಟೆ ಖಾಲಿ ಇಟ್ಕೊಂಡೇ ಪ್ರಾರ್ಥನೆ ಮಾಡಿ" ಎಂದಳು. ಬಂದು ತಟ್ಟೆಯನ್ನು ನೆಟ್ಟಗೆ ಇಟ್ಟೆ. ಬರಿಗೈಯಲ್ಲಿ ಅದರ ಮುಂದೆ ಕೂರಲು ಮುಜುಗರವಾಗುತ್ತದೆ, ಹೊಸ ನೆಂಟರ ಮನೆಗೆ ಏನೂ ತಗೊಳ್ಳದೆ ಹೋದ ಹಾಗೆ.

ಫೆಬ್ರವರಿ 24, ಸೋಮವಾರ

ಹಲ್ಲು ಕಿತ್ತರು. ಹುಳುಕಾಗಿ ಎರಡು ವರ್ಷವಾಗಿತ್ತಂತೆ. ದೇವರದ್ದೇನೂ ತಪ್ಪಿಲ್ಲ.

ಪರೀಕ್ಷೆ: ಗರಗಸ.

ಮಾರ್ಚ್ 4, ಮಂಗಳವಾರ

ಬಡಗಿ ಸೆಫ್ನಾತ್ ಬಂದಿದ್ದ. ಚರ್ಚಿನ ಶಂಖದ ಮೇಳ ನಡೆಸುವವನು ಅವನೇ. ಹದಿನಾಲ್ಕು ಜನ, ತಲೆಗೊಂದು ಶಂಖ, ಶಂಖಕ್ಕೊಂದೇ ಸ್ವರ. ಕುಂಬಳಕಾಯಿ ಗಾತ್ರದ ಒಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದಿದ್ದ.

"ಕೆಳಗಿನ ಸ ಊದ್ತಿದ್ದ ಹುಡುಗ ಹಡಗಿನ ಕೆಲ್ಸಕ್ಕೆ ಹೋಗ್ಬಿಟ್ಟ, ಉಸಿ. ತಾಳ ಗೊತ್ತಿರೋರು ಬೇಕು."

"ಮೂವತ್ತೊಂದು ವರ್ಷ ಒಬ್ಳೇ ನಿಂತು ಹಾಡಿದೋಳನ್ನ ಕರ್ದು 'ಪೋಂ' ಅನ್ನು ಅಂತೀಯಾ?"

"ಪೋಂ ಅಲ್ಲ ಉಸಿ, ಬೂಂ. ಪೋಂ ಅನ್ನೋದು ನಿಮ್ಮ ಪಕ್ಕದೋರು."

ತಮಾಷೆ ಮಾಡುತ್ತಿಲ್ಲ, ಆ ಮನುಷ್ಯನಿಗೆ ತಮಾಷೆಯೇ ಬರುವುದಿಲ್ಲ. ಆಗುವುದಿಲ್ಲ ಎಂದೆ. ಶಂಖವನ್ನು ಜಗಲಿಯ ಮೇಲೆ ಬಿಟ್ಟು ಹೋದ. ಈಗ ಅದರ ಮೇಲೆ ಕೋಳಿ ಹತ್ತಿ ಕುಳಿತಿದೆ.

ಮಾರ್ಚ್ 7, ಶುಕ್ರವಾರ

ಕೋಳಿಯ ಹಿಕ್ಕೆ ತೊಳೆಯಲೆಂದು ಕೈಗೆತ್ತಿಕೊಂಡೆ, ಅಷ್ಟೇ. ಪಕ್ಕದಲ್ಲಿ ಕೊರೆದ ತೂತಿಗೆ ತುಟಿ ಇಟ್ಟು ಊದಿದೆ. ಗಾಳಿ. ತುಟಿ ಬಿಗಿದು ಊದಿದೆ. ಉಗುಳು. ಛಲ ಹತ್ತಿತು. ಹದಿನೈದನೇ ಸಲಕ್ಕೋ ಏನೋ, ಹೊಟ್ಟೆಯ ಬುಡದಿಂದ ಒಂದು ದಪ್ಪ ಸದ್ದು ಎದ್ದು ಬಂತು. ಗೂಡಿನಲ್ಲಿ ಹಂದಿ ಎದ್ದು ನಿಂತಿತು. ಓಕ್ತಾ ಸೌಟು ಹಿಡಿದುಕೊಂಡು ಓಡಿಬಂದಳು.

"ಅತ್ತಿಗೆ! ಹಡಗು ಬಂತು ಅಂದ್ಕೊಂಡೆ!"

"ನಾನೇ ಬಂದಿದ್ದು" ಎಂದೆ.

ಮಾರ್ಚ್ 15, ಶನಿವಾರ

ಅಭ್ಯಾಸಕ್ಕೆ ಹೋದೆ. ನನ್ನ ಪಕ್ಕದಲ್ಲಿ ಪ ಊದುವವರು ಓಪಾ ಎಲಿಫಾಸ್. ಊರಿಗೆಲ್ಲ ಓಪಾ, ಅಂದರೆ ಅಜ್ಜ. ಎಪ್ಪತ್ತಾರು ವರ್ಷದ ಮೀನುಗಾರ, ಎರಡು ಕಿವಿಯಲ್ಲಿ ಒಂದು ಮಂದ. ಹಾಡು ಶುರುವಾದ ಕೂಡಲೇ ಕಣ್ಣು ಮುಚ್ಚಿ ತೂಕಡಿಸುತ್ತಾರೆ. ತಮ್ಮ ಸ್ವರ ಬಂದಾಗ ಯಾರೋ ಕರೆದ ಹಾಗೆ ಎಚ್ಚೆತ್ತು "ಪೋಂ" ಎಂದು ಮತ್ತೆ ಮಲಗುತ್ತಾರೆ. ಒಂದು ಸಲವೂ ತಪ್ಪಲಿಲ್ಲ.

ನಾನು ಏಳು ಸಲ ತಪ್ಪಿದೆ. ಮೊದಲ ಕೀರ್ತನೆಯಲ್ಲಿ ನನಗಿರುವುದು ಹನ್ನೊಂದೇ ಊದು. ಉಳಿದಂತೆ ಕಾಯುವುದೇ ಕೆಲಸ. ಕಾಯಲಾರದೆ ಮುಂಚೆಯೇ ನುಗ್ಗುತ್ತೇನೆ. "ಉಸಿ! ನಿಮ್ಮ ಸರದಿ ಬಂದಿಲ್ಲ!" ಎಂದು ಸೆಫ್ನಾತ್ ಎಲ್ಲರೆದುರು ಕೂಗಿದ. ಈ ಸಭೆಯಲ್ಲಿ ನನಗೆ ತಾಳ ಹೇಳಿಕೊಡುವ ದಿನವೂ ಬಂತು. ಮುಂದಿನ ವಾರ ಹೋಗುವುದಿಲ್ಲ.

ಮಾರ್ಚ್ 22, ಶನಿವಾರ

ಹೋದೆ. ನಾಲ್ಕು ಸಲ ತಪ್ಪಿದೆ.

ಬಿಡುವಿನಲ್ಲಿ ಓಪಾ ಎಲಿಫಾಸರನ್ನು ಕೇಳಿದೆ, "ನಿದ್ದೆ ಮಾಡ್ತಾ ಹೆಂಗೆ ಓಪಾ ಎಣಿಸ್ತೀರ?"

"ಎಣಿಸೋದು ಯಾರು? ಬೇರೆಯೋರು ಊದೋದನ್ನ ಕೇಳ್ತೀನಿ. ಅವ್ರು ಊದ್ತಾ ಊದ್ತಾ ನನ್ನ ಮನೆ ಬಾಗ್ಲಿಗೆ ಬರ್ತಾರೆ. ನಾನು ಬಾಗ್ಲು ತೆಗೀತೀನಿ. ನೀನು ಬಾಗ್ಲು ತೆಕ್ಕೊಂಡು ಬೀದೀಲೇ ನಿಂತಿರ್ತೀಯ, ಲಿನಾ."

ಮುದುಕನಿಗೆ ಬಾಯಿ ಜಾಸ್ತಿ.

ಮಾರ್ಚ್ 29, ಶನಿವಾರ

ಇವತ್ತು ಎಣಿಸುವುದನ್ನು ಬಿಟ್ಟು ಕೇಳಿದೆ. ಮೊದಲು ಸಣ್ಣ ಶಂಖಗಳು ಬೆಳ್ಳಗೆ ಮೇಲೆ ಹಾರುತ್ತವೆ. ಅಂಗಡಿಯ ಯೋಸಿನಾಳ ಮ ಸ್ವಲ್ಪ ನಡುಗುತ್ತದೆ, ಮೊನ್ನೆ ಮೊಮ್ಮಗ ಹುಟ್ಟಿದಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಆಮೇಲೆ ಓಪಾನ ಪ ಬರುತ್ತದೆ, ಲವಂಗದ ಬೀಡಿಯ ವಾಸನೆಯ ಸಮೇತ. ಆಮೇಲೆ ನನಗಾಗಿ ಒಂದು ಜಾಗ, ಕುರ್ಚಿ ಎಳೆದಿಟ್ಟ ಹಾಗೆ. ಹೋಗಿ ಕುಳಿತೆ. ಹನ್ನೊಂದಕ್ಕೆ ಹನ್ನೊಂದೂ ಸರಿಯಾಯಿತು.

ಇಷ್ಟು ವರ್ಷ ಹಾಡುವಾಗ ನನಗೆ ನನ್ನದೊಂದೇ ಕೇಳುತ್ತಿತ್ತು. ಇವರೆಲ್ಲ ಎಲ್ಲಿದ್ದರೋ. ಸೆಫ್ನಾತ್ ಏನೂ ಹೇಳಲಿಲ್ಲ, ಅಂದರೆ ಚೆನ್ನಾಗಿತ್ತು ಎಂದರ್ಥ. ಮನೆಗೆ ಬರುವಾಗ ಮೀನು ಕೊಂಡು ಹುಳಿ, ಮೆಣಸಿನಕಾಯಿ ಹಾಕಿ ಸುಟ್ಟೆ. ಓಕ್ತಾಳ ಮನೆಗೂ ಒಂದು ಕಳಿಸಿದೆ, ಹೆಚ್ಚಾಗಿತ್ತು ಅಂತ.

ಏಪ್ರಿಲ್ 8, ಮಂಗಳವಾರ

ಓಕ್ತಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಈಸ್ಟರ್ ಹಾಡು ಹಾಡುತ್ತಾಳೆ. ಮೂರನೇ ಸಾಲಿನಲ್ಲಿ ಉಸಿರು ಮುಗಿದು ಮೀನಿನ ಹಾಗೆ ಬಾಯಿ ಬಿಡುತ್ತಾಳೆ. ಹೋದ ವಾರ ಕೇಳಲಾರದೆ ಬೇಲಿಯ ಹತ್ತಿರ ಹೋಗಿ ಎಲ್ಲಿ ಉಸಿರು ತೆಗೆಯಬೇಕೆಂದು ಕೈಯಲ್ಲಿ ತೋರಿಸಿದೆ. ಅಷ್ಟೇ. ಮೊದಲ ದಿನ ಇಪ್ಪತ್ತು ನಿಮಿಷ, ಇವತ್ತು ಸಂಜೆಯವರೆಗೂ ಆಯಿತು. ಒಗೆದ ಬಟ್ಟೆ ಒಣಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಖಾಲಿ ತಟ್ಟೆಯ ಮುಂದೆ ಈಗ ಮುಜುಗರವಿಲ್ಲ. ಕೂತುಕೊಳ್ಳುತ್ತೇನೆ. ಯೋಸಿನಾಳ ನಿದ್ದೆಯ ಬಗ್ಗೆ, ಓಕ್ತಾಳ ಉಸಿರಿನ ಬಗ್ಗೆ, ಓಪಾನ ಇನ್ನೊಂದು ಕಿವಿಯ ಬಗ್ಗೆ ಹೇಳಿಕೊಳ್ಳುವಷ್ಟರಲ್ಲಿ ಅನ್ನ ಸೀದುಹೋಗಿರುತ್ತದೆ.

ಏಪ್ರಿಲ್ 13, ಗರಿಗಳ ಭಾನುವಾರ

ಚರ್ಚಿನಿಂದ ಬರುವಾಗ ಓಕ್ತಾ ದಾರಿಯಲ್ಲೇ ಅತ್ತಳು. "ನನ್ ಕೈಲಾಗಲ್ಲ ಅತ್ತಿಗೆ. ಅದು ನೀನು ನಿಂತ ಜಾಗ. ಎಲ್ರೂ ನಿನ್ ಧ್ವನಿ ನೆನಪು ಮಾಡ್ಕೊಂಡೇ ಕೇಳ್ತಾರೆ."

"ಮೊದಲ್ನೇ ವರ್ಷ ನಾನು ಮೂರ್ನೇ ಸಾಲನ್ನ ಎರಡು ಸಲ ಹಾಡಿದ್ದೆ. ನಿನ್ನಣ್ಣ ಆರು ತಿಂಗ್ಳು ಆಡ್ಕೊಂಡ. ಮೂಗು ಒರೆಸ್ಕೋ" ಎಂದೆ.

ತಾಳೆಗರಿಯಲ್ಲೇ ಒರೆಸಿಕೊಂಡಳು. ಹುಚ್ಚಿ.

ಏಪ್ರಿಲ್ 18, ಶುಭ ಶುಕ್ರವಾರ

ಇಂದು ಶಂಖವಿಲ್ಲ, ಗಂಟೆಯಿಲ್ಲ. ಪಾದ್ರಿಯಮ್ಮ ಶಿಲುಬೆಯ ವೃತ್ತಾಂತ ಓದಿದಳು. ಎಲ್ಲವನ್ನೂ ಕೊಟ್ಟುಬಿಟ್ಟ. ನಾನೋ, ಒಂದು ನಾಣ್ಯವನ್ನು ವಾಪಸು ತೆಗೆದುಕೊಂಡವಳು. ತುಂಬ ಹೊತ್ತು ಅತ್ತೆ.

ಏಪ್ರಿಲ್ 20, ಈಸ್ಟರ್

ನಿಧಾನವಾಗಿ, ಒಂದನ್ನೂ ಬಿಡದೆ ಬರೆಯಬೇಕು.

ಬೆಳಕು ಹರಿಯುವ ಮುಂಚೆ ಊರೆಲ್ಲ ದಂಡೆಯಲ್ಲಿ ಸೇರಿತ್ತು. ಸಮುದ್ರದ ಅಂಚು ಕೆಂಪಾಗುತ್ತಿದ್ದಂತೆ ಪಾದ್ರಿಯಮ್ಮ "ಕರ್ತನು ಎದ್ದಿದ್ದಾನೆ!" ಎಂದಳು. ನಾವೆಲ್ಲ "ನಿಜವಾಗಿಯೂ ಎದ್ದಿದ್ದಾನೆ!" ಎಂದೆವು, ನನ್ನ ಗರಗಸವೂ ಸೇರಿ. ಓಕ್ತಾ ಮುಂದೆ ಬಂದು ನಿಂತಳು. ಸ್ವರ ಕೊಡಬೇಕಾದ ಕೀಬೋರ್ಡು ಅದೇ ಹೊತ್ತಿಗೆ ಸತ್ತಿತು. ಜನರೇಟರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಅಲೆಯ ಸದ್ದೊಂದೇ ಉಳಿಯಿತು. ಓಕ್ತಾ ಬಾಯಿ ತೆರೆದಳು, ಮುಚ್ಚಿದಳು. ನಾನು ಅವಳ ಕೈ ನೋಡಿದೆ. ಲಂಗವನ್ನು ಮುದ್ದೆ ಮಾಡಿ ಹಿಡಿದಿದ್ದಳು. ಹಾಡು ಶುರುವಾಗುವುದು ಪ ಸ್ವರದಿಂದ. ನನ್ನ ಹತ್ತಿರ ಇರುವುದು ಕೆಳಗಿನ ಸ. ಅದನ್ನು ಊದಿದರೆ ಅವಳು ಅಲ್ಲಿಂದಲೇ ಹಿಡಿದು ಪಾತಾಳಕ್ಕೆ ಇಳಿಯುತ್ತಾಳೆ. ಪ ಇರುವುದು ಓಪಾ ಎಲಿಫಾಸರ ಹತ್ತಿರ. ಓಪಾ ಎಲಿಫಾಸರು ನಿದ್ದೆಯಲ್ಲಿದ್ದಾರೆ, ಮಂದ ಕಿವಿ ನನ್ನ ಕಡೆಗೆ.

ಅವರ ತೊಡೆ ಹಿಡಿದು ಚಿವುಟಿದೆ. ಚೆನ್ನಾಗಿಯೇ ಚಿವುಟಿದೆ. ಓಪಾ "ಅಯ್ಯಪ್ಪಾ!" ಎನ್ನುವುದಕ್ಕೆ ಬದಲಾಗಿ, ಅರವತ್ತು ವರ್ಷದ ಅಭ್ಯಾಸ ನೋಡಿ, ಶಂಖ ಬಾಯಿಗಿಟ್ಟು ಊದಿಬಿಟ್ಟರು. ಉದ್ದನೆಯ, ತುಂಬಿದ, ನೆಟ್ಟನೆಯ ಪ.

ಓಕ್ತಾ ಅದನ್ನು ಹಿಡಿದಳು. ಹಾಡಿದಳು. ಮೂರನೇ ಸಾಲಿಗೆ ಮುಂಚೆ ಹೇಳಿದ ಜಾಗದಲ್ಲೇ ಉಸಿರು ತೆಗೆದಳು. ನಾನು ಹಾಡುತ್ತಿದ್ದ ಹಾಗಿರಲಿಲ್ಲ. ನನ್ನಷ್ಟು ಎತ್ತರ ಇಲ್ಲ, 'ಕಲ್ಲು ಉರುಳಿತು' ಎನ್ನುವಾಗ ಧ್ವನಿ ಸ್ವಲ್ಪ ಒಡೆಯಿತು ಕೂಡ. ಆದರೆ ಅಲ್ಲಿ ಒಡೆಯಬೇಕಾದದ್ದೇ ಎಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಯೋಸಿನಾ ಅಳುತ್ತಿದ್ದಳು. ಸೆಫ್ನಾತ್, ಆ ಮರದ ಮನುಷ್ಯ, ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದಿದ್ದ.

"ಯಾಕೆ ಚಿವುಟಿದೆ?" ಎಂದು ಓಪಾ ಪಿಸುಗುಟ್ಟಿದರು. ಮಂದ ಕಿವಿಯವರ ಪಿಸುಮಾತು ಮೂರು ಸಾಲಿಗೆ ಕೇಳುತ್ತದೆ. "ಸ್ವರ್ಗಕ್ಕೆ ಹೋಗಿದ್ದೆ ನಾನು, ಅರ್ಧ ದಾರಿ."

"ಇಲ್ಲೇ ಇದೆ ಓಪಾ, ಕಣ್ ಬಿಟ್ಟು ನೋಡಿ" ಎಂದೆ.

ಕೊನೆಯ ಕೀರ್ತನೆಗೆ ಎಲ್ಲರೂ ಎದ್ದರು. ಸೂರ್ಯ ನೀರಿನಿಂದ ಪೂರ್ತಿ ಮೇಲೆ ಬಂದಿದ್ದ. ಸಣ್ಣ ಶಂಖಗಳು ಶುರುಮಾಡಿದವು, ಯೋಸಿನಾಳ ಮ ಬಂತು, ತೊಡೆ ಉಜ್ಜಿಕೊಳ್ಳುತ್ತಲೇ ಓಪಾ ತಮ್ಮ ಪ ಊದಿದರು. ನನ್ನ ಜಾಗ ಬಂತು. ನಾನು ತುಟಿ ಬಿಗಿಯಲು ನೋಡಿದೆ, ಆಗಲಿಲ್ಲ. ನಗು. ತಡೆದಷ್ಟೂ ಉಕ್ಕುತ್ತಿತ್ತು. ನಗುವ ತುಟಿಯಲ್ಲಿ ಶಂಖ ಊದಲು ಬರುವುದಿಲ್ಲ. ಒಂದು ಸಲ ತಪ್ಪಿತು, ಎರಡನೆಯದೂ ತಪ್ಪಿತು. ಹಾಡು ಮುಂದೆ ಹೋಯಿತು. ಮುನ್ನೂರು ಜನ, ಹದಿಮೂರು ಶಂಖ, ಮುಂದಿನ ಸಾಲಿನಲ್ಲಿ ಮುಖವೆಲ್ಲ ಕಣ್ಣೀರಾದ ಓಕ್ತಾ. ಎಲ್ಲ ಸೇರಿ ಹಾಡು ನನ್ನ ಸುತ್ತಲೂ ಏರಿತು. ನಾನು ಅದರ ನಡುವೆ ಊದದ ಶಂಖ ಅಪ್ಪಿಕೊಂಡು ನಿಂತಿದ್ದೆ. ಕರ್ತನಿಗೆ ಕೊಡಲು ಆ ಹೊತ್ತಿನಲ್ಲಿ ನನ್ನ ಹತ್ತಿರ ಒಂದು ಸ್ವರವೂ ಇರಲಿಲ್ಲ. ಎರಡು ತಿಂಗಳ ಕೂಸಿನ ಹತ್ತಿರ ಇದ್ದಷ್ಟೇ ಇತ್ತು. ಅಷ್ಟು ಸಂತೋಷ ನನಗೆ ಹಾಡಿದ ಯಾವ ಈಸ್ಟರಿನಲ್ಲೂ ಆಗಿರಲಿಲ್ಲ.

ಮುಗಿದ ಮೇಲೆ ಸೆಫ್ನಾತ್ ಹುಬ್ಬು ಗಂಟಿಕ್ಕಿಕೊಂಡು ಬಂದ. "ಉಸಿ, ಕೊನೇ ಹಾಡಲ್ಲಿ ನಿಮ್ಮ ಸ ಎಲ್ಲಿ?"

"ಹಾಡಲ್ಲೇ ಇತ್ತಪ್ಪ" ಎಂದೆ. "ನಾನು ಊದ್ಲಿಲ್ಲ, ಅಷ್ಟೇ."

ಅವನಿಗೆ ಅರ್ಥವಾಗಲಿಲ್ಲ. ಶನಿವಾರ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದು ಒಬ್ಬಳೇ ಅಭ್ಯಾಸ ಮಾಡಬೇಕಂತೆ. ಹೋಗುತ್ತೇನೆ.